ಬರಲಿರುವ ಯಂತ್ರ, ಸರಿದುಹೋದ ಮರಳು

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬೋರ್ನ್‌ಮತ್‌ನಲ್ಲಿ ನನ್ನ ಭಾವನ ಮನೆಯಿದೆ. ಆ ಮನೆಯ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಒಂದು ಮೆಟಲ್ ಡಿಟೆಕ್ಟರ್ ಗೋಡೆಗೊರಗಿ ನಿಂತಿದೆ. ಅದಕ್ಕೇನೂ ಕಾಯಿಲೆಯಿಲ್ಲ. ಬ್ಯಾಟರಿ ಸರಿಯಿದೆ, ಕಾಯಿಲ್ ಸರಿಯಿದೆ, ಹೆಡ್‌ಫೋನಿನ ಒಂದು ಕಿವಿಯ ಸ್ಪಂಜು ಮಾತ್ರ ಹರಿದಿದೆ. ಆದರೂ ಕಳೆದ ನವೆಂಬರಿನಿಂದ ಅದು ಕಡಲಿನ ಮುಖ ನೋಡಿಲ್ಲ. ಯಾಕೆ ಎಂದು ಕೇಳಿದರೆ ಭಾವನದು ಒಂದೇ ಉತ್ತರ: "ಹೊಸತು ಬರ್ತದಂತೆ ಮಾರಾಯ. ಅಲ್ಲಿವರೆಗೆ ಎಂತಕ್ಕೆ ಸುಮ್ನೆ?"

ಸುರತ್ಕಲ್ಲಿನ ಕಡಲು ನೋಡುತ್ತಾ ಬೆಳೆದ ಮನುಷ್ಯ ಅವರು. ಹದಿನೈದು ವರ್ಷದಿಂದ ಅಲ್ಲಿದ್ದಾರೆ. ವಾರಕ್ಕೊಮ್ಮೆ, ಇಳಿತದ ಹೊತ್ತು ನೋಡಿಕೊಂಡು, ಒದ್ದೆ ಮರಳಿನಲ್ಲಿ ಆ ಕೋಲನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ ನಡೆಯುವುದು ಅವರ ಏಕೈಕ ಚಟವಾಗಿತ್ತು. ಈಗ ಆ ಎರಡು ಮೂರು ಗಂಟೆಯನ್ನು ಅವರು ಇನ್ನೂ ಅಂಗಡಿಗೆ ಬಾರದ ಯಂತ್ರದ ಬಗ್ಗೆ ಇನ್ಯಾರೋ ಮಾತಾಡುವ ವಿಡಿಯೋ ನೋಡುವುದರಲ್ಲಿ ಕಳೆಯುತ್ತಾರೆ. ನನಗೂ ಕಳಿಸುತ್ತಾರೆ. ನೋಡಿ ನೋಡಿ ನನಗೆ ಸಿಟ್ಟು ಬಂದಿದೆ. ಈ ಲೇಖನ ಆ ಸಿಟ್ಟಿನದು.

ನಮ್ಮಲ್ಲಿ ಅನೇಕರಿಗೆ ಮೆಟಲ್ ಡಿಟೆಕ್ಟರ್ ಎಂದರೆ ಮಾಲ್‌ನ ಬಾಗಿಲಲ್ಲೋ ಮೆಟ್ರೋ ನಿಲ್ದಾಣದಲ್ಲೋ ನಿಂತಿರುವ ಚೌಕಟ್ಟು. ಅದು ಕೂಗಿದರೂ ಯಾರೂ ತಿರುಗಿ ನೋಡುವುದಿಲ್ಲ. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಮಾತ್ರ ಅದೊಂದು ಹವ್ಯಾಸ, ಅದಕ್ಕೊಂದು ದೊಡ್ಡ ಮಾರುಕಟ್ಟೆ, ಆ ಮಾರುಕಟ್ಟೆಗೊಂದು ಸ್ವಂತ ಭಾಷೆ. ನನ್ನ ತಕರಾರು ಮುಖ್ಯವಾಗಿ ಈ ಭಾಷೆಯ ಮೇಲೆ. ಸಾಹಿತ್ಯದ ವಿದ್ಯಾರ್ಥಿಗೆ ಇದರಲ್ಲಿ ಏನು ಕೆಲಸ ಎಂದು ಕೇಳಬೇಡಿ. ಒಂದು ವಿಶೇಷಣ ಎಷ್ಟು ಭಾರ ಹೊರಬಲ್ಲದು ಎಂದು ತೂಗಿ ನೋಡುವುದೇ ನಮ್ಮ ಕೆಲಸ.

ಮೊದಲು ಕಡಲ ತೀರ ಈ ಯಂತ್ರಕ್ಕೆ ಏನು ಮಾಡುತ್ತದೆ ಎಂಬುದನ್ನು ನೋಡೋಣ. ಕೋಲಿನ ತುದಿಯ ತಟ್ಟೆಯಲ್ಲಿ ತಂತಿಯ ಸುರುಳಿಗಳಿರುತ್ತವೆ. ಒಂದು ಸುರುಳಿ ಕ್ಷಣ ಕ್ಷಣವೂ ಬದಲಾಗುವ ಕಾಂತಕ್ಷೇತ್ರವನ್ನು ನೆಲಕ್ಕೆ ಕಳಿಸುತ್ತದೆ. ಕೆಳಗೆ ಲೋಹವಿದ್ದರೆ ಅದರಲ್ಲಿ ಸಣ್ಣ ಸುಳಿವಿದ್ಯುತ್ತು ಹುಟ್ಟುತ್ತದೆ, ಆ ವಿದ್ಯುತ್ತು ತನ್ನದೇ ಕ್ಷೇತ್ರವನ್ನು ವಾಪಸು ಕಳಿಸುತ್ತದೆ. ಅದು ಎಷ್ಟು ತಡವಾಗಿ, ಎಷ್ಟು ಜೋರಾಗಿ ಬಂತು ಎಂಬುದನ್ನು ಇನ್ನೊಂದು ಸುರುಳಿ ಕೇಳಿಸಿಕೊಳ್ಳುತ್ತದೆ. ಹೊಲದಲ್ಲಿ ಇದು ಸಾಕಷ್ಟು ಸಲೀಸು. ತೀರದಲ್ಲಿ ಹಾಗಲ್ಲ. ಉಪ್ಪುನೀರು ಸ್ವತಃ ವಿದ್ಯುತ್ ಹರಿಸುತ್ತದೆ. ಹಾಗಾಗಿ ಒದ್ದೆ ಮರಳೆಲ್ಲ ಯಂತ್ರಕ್ಕೆ ಹಾಸಿಟ್ಟ ತೆಳು ತಗಡಿನ ಹಾಗೆ ಕೇಳಿಸುತ್ತದೆ. ಅದರ ಮೇಲೆ ಕಬ್ಬಿಣದ ಅಂಶವಿರುವ ಕಪ್ಪು ಮರಳು ಬೇರೆ. ಒಂದೇ ಆವರ್ತನದ ಯಂತ್ರವನ್ನು ಉಪ್ಪಿಗೆ ಹೊಂದಿಸಿದರೆ ಕಪ್ಪು ಮರಳು ಕೂಗುತ್ತದೆ, ಕಪ್ಪು ಮರಳಿಗೆ ಹೊಂದಿಸಿದರೆ ಉಪ್ಪು ಕೂಗುತ್ತದೆ. ಹಲವು ಆವರ್ತನಗಳನ್ನು ಒಟ್ಟಿಗೆ ಬಳಸುವ ಯಂತ್ರ, ಉಪ್ಪು ಮತ್ತು ಲೋಹ ಬೇರೆ ಬೇರೆ ಆವರ್ತನಕ್ಕೆ ಬೇರೆ ಬೇರೆ ರೀತಿ ಪ್ರತಿಕ್ರಿಯಿಸುವುದನ್ನು ಹೋಲಿಸಿ, ಉಪ್ಪನ್ನು ಲೆಕ್ಕದಿಂದ ಕಳೆಯುತ್ತದೆ. ನಿಜಕ್ಕೂ ಚೆಂದದ ಉಪಾಯ. ಆದರೆ ಹೊಸ ಉಪಾಯವಲ್ಲ: 1990ರ ದಶಕದ ಆರಂಭದಲ್ಲೇ ಅಮೆರಿಕದ ಫಿಶರ್, ಆಸ್ಟ್ರೇಲಿಯಾದ ಮೈನ್‌ಲ್ಯಾಬ್ ಎರಡೂ ಇಂಥ ಯಂತ್ರ ಮಾರುತ್ತಿದ್ದವು.

ಈ ಕಳೆಯುವ ಲೆಕ್ಕಕ್ಕೆ ಒಂದು ದಂಡವಿದೆ, ಅದನ್ನು ಜಾಹೀರಾತು ಹೇಳುವುದಿಲ್ಲ. ತೆಳುವಾದ ಚಿನ್ನದ ಸರ ಯಂತ್ರಕ್ಕೆ ಹೆಚ್ಚುಕಡಿಮೆ ಉಪ್ಪುನೀರಿನ ಹಾಗೆಯೇ ಕೇಳಿಸುತ್ತದೆ. ಸರದ ಪ್ರತಿ ಕೊಂಡಿಯೂ ಯಂತ್ರದ ಪಾಲಿಗೆ ಬಿಡಿ ಬಿಡಿ ಚೂರು, ಸರ ಎಂಬ ಒಂದು ವಸ್ತು ಅದಕ್ಕಿಲ್ಲ. ಉಪ್ಪನ್ನು ಕಳೆದಾಗ ಸರವೂ ಕಳೆಯುತ್ತದೆ. ಉಂಗುರ ದುಂಡಗೆ ಇಡಿಯಾಗಿದ್ದರೆ ಚೆನ್ನಾಗಿ ಕೂಗುತ್ತದೆ. ಅದೇ ಉಂಗುರ ಒಂದು ಕಡೆ ಸೀಳಿದ್ದರೆ ವಿದ್ಯುತ್ತು ಸುತ್ತು ಹಾಕಲಾರದೆ ದನಿ ಕುಗ್ಗಿಹೋಗುತ್ತದೆ. ಇನ್ನು ಇಡಿಯಾದ ಚಿನ್ನದ ಉಂಗುರಕ್ಕೂ ತಂಪುಪಾನೀಯದ ಡಬ್ಬಿಯ ಅಲ್ಯೂಮಿನಿಯಂ ಕಿವಿಗೂ ಪರದೆಯ ಮೇಲೆ ಬರುವ ಸಂಖ್ಯೆ ಬಹಳ ಸಲ ಒಂದೇ. ಯಂತ್ರಕ್ಕೆ ಚಿನ್ನ ಎಂದರೇನು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದು ವಸ್ತುವಿನ ಗಾತ್ರ, ದಪ್ಪ, ಆಕಾರ, ವಾಹಕತೆ ಎಲ್ಲ ಸೇರಿ ಕೊಡುವ ಒಂದು ಪ್ರತಿಧ್ವನಿ ಮಾತ್ರ. ಕಸವನ್ನು ಬಿಟ್ಟು ಚಿನ್ನವನ್ನಷ್ಟೇ ತೋರಿಸುತ್ತದೆ ಎನ್ನುವವನು ಭೌತಶಾಸ್ತ್ರದ ವಿರುದ್ಧ ಮಾತಾಡುತ್ತಿದ್ದಾನೆ. ಭಾವನ ಬಳಿ ಒಂದು ಬಿಸ್ಕತ್ತು ಡಬ್ಬಿ ತುಂಬ ಇಂಥ ಅಲ್ಯೂಮಿನಿಯಂ ಕಿವಿಗಳಿವೆ. ಮಗಳು ಅದಕ್ಕೆ "ಅಪ್ಪನ ಲಾಕರ್" ಎಂದು ಚೀಟಿ ಅಂಟಿಸಿದ್ದಾಳೆ.

ಈಗ ಆಳದ ಮಾತು. ಪ್ರತಿ ಹೊಸ ಯಂತ್ರವೂ "ಇನ್ನೂ ಆಳಕ್ಕೆ" ಹೋಗುತ್ತದೆ. ಪ್ರತಿ ಎರಡು ಮೂರು ವರ್ಷಕ್ಕೊಮ್ಮೆ ಇನ್ನೂ, ಇನ್ನೂ. ಈ ಎಲ್ಲ "ಇನ್ನೂ"ಗಳನ್ನು ಕೂಡಿಸಿದರೆ ಈ ಹೊತ್ತಿಗೆ ಯಂತ್ರಗಳು ಪಾತಾಳದಲ್ಲಿ ನಾಗರಾಜನ ಕಿರೀಟ ಪತ್ತೆ ಮಾಡಬೇಕಿತ್ತು. ಯಾಕೆ ಮಾಡಿಲ್ಲ? ಸುರುಳಿ ಕಳಿಸುವ ಕ್ಷೇತ್ರ ದೂರದ ಮೂರನೇ ಘಾತದಲ್ಲಿ ಕುಗ್ಗುತ್ತದೆ, ವಸ್ತುವಿನಿಂದ ವಾಪಸು ಬರುವ ಕ್ಷೇತ್ರವೂ ಮೂರನೇ ಘಾತದಲ್ಲಿ ಕುಗ್ಗುತ್ತದೆ. ಹೋಗುವಾಗ ಮೂರು, ಬರುವಾಗ ಮೂರು, ಒಟ್ಟು ಆರು. ಸುರುಳಿಯ ಹತ್ತಿರದಲ್ಲಿ ಈ ಲೆಕ್ಕ ಸ್ವಲ್ಪ ಸಡಿಲ, ನಿಜ. ಆದರೆ ಆಳದ ಸಣ್ಣ ವಸ್ತುಗಳಿಗೆ, ಅಂದರೆ ವಿವಾದವೆಲ್ಲ ಯಾವುದರ ಬಗ್ಗೆ ಇದೆಯೋ ಅವಕ್ಕೆ, ಇದೇ ಕಾನೂನು. ಉಂಗುರ ಇಮ್ಮಡಿ ಆಳದಲ್ಲಿದ್ದರೆ ಬರುವ ದನಿ 64ರಲ್ಲಿ ಒಂದು ಪಾಲು. 25 ಸೆಂಟಿಮೀಟರಿನಲ್ಲಿ ಕೇಳಿಸುವ ಉಂಗುರ 30ರಲ್ಲೂ ಅಷ್ಟೇ ಕೇಳಿಸಬೇಕಾದರೆ ಯಂತ್ರ ಸುಮಾರು ಮೂರು ಪಟ್ಟು ಸೂಕ್ಷ್ಮವಾಗಬೇಕು. ಮೂರು ಪಟ್ಟು ಉತ್ತಮವಾದ ಯಂತ್ರ ಕೊಡುವುದು ಐದು ಸೆಂಟಿಮೀಟರ್, ಮೂರು ಬೆರಳ ಅಗಲ. ಎಂಜಿನಿಯರರು ಆ ಮೂರು ಬೆರಳಿಗಾಗಿ ವರ್ಷಗಟ್ಟಲೆ ಕಷ್ಟಪಡುತ್ತಾರೆ. ಅವರ ಬಗ್ಗೆ ನನಗೆ ಗೌರವವಿದೆ. ಆ ಮೂರು ಬೆರಳನ್ನು ಮೂರು ಅಡಿಯ ದನಿಯಲ್ಲಿ ಮಾರುವವರ ಬಗ್ಗೆ ಇಲ್ಲ.

ಮಾರುವುದು ಹೇಗೆ? ಯಂತ್ರ ಅಂಗಡಿಗೆ ಬರುವುದಕ್ಕೆ ತಿಂಗಳುಗಳ ಮೊದಲು ಕೆಲವರ ಕೈಗೆ ಸಿಗುತ್ತದೆ. ಅವರು ತೀರಕ್ಕೆ ಹೋಗುತ್ತಾರೆ, ದನಿ ಬರುತ್ತದೆ, "ಕೇಳಿದ್ರಾ?" ಎನ್ನುತ್ತಾರೆ, ಅಗೆಯುತ್ತಾರೆ, ನಾಣ್ಯ ಬರುತ್ತದೆ. ಗುಂಡಿಯ ಆಳವನ್ನು ಸಲಿಕೆಯ ಪಕ್ಕ ಹಿಡಿದು ತೋರಿಸುತ್ತಾರೆ; ಅಗೆಯುವಾಗ ಗುಂಡಿ ಎಷ್ಟು ಕುಸಿಯಿತು, ನಾಣ್ಯ ಗುಂಡಿಯ ತಳದಲ್ಲಿತ್ತೋ ಬದಿಯಲ್ಲಿತ್ತೋ, ಹಳೆಯ ಯಂತ್ರ ಅದೇ ಜಾಗದಲ್ಲಿ ಏನು ಹೇಳುತ್ತಿತ್ತು, ಇದ್ಯಾವುದೂ ನಮಗೆ ತಿಳಿಯುವುದಿಲ್ಲ. ದನಿ ಬಂದೂ ಏನೂ ಸಿಗದ ನಲವತ್ತು ಗುಂಡಿಗಳು ಕತ್ತರಿಗೆ ಬಲಿಯಾಗಿರುತ್ತವೆ. ಯಂತ್ರ ದಾಟಿಹೋದ, ಕೂಗದೇ ಬಿಟ್ಟ ಉಂಗುರ ಯಾವ ವಿಡಿಯೋದಲ್ಲೂ ಇರುವುದು ಸಾಧ್ಯವೇ ಇಲ್ಲ. ಇದಕ್ಕಿಂತ ಕೆಟ್ಟದ್ದು ಗಾಳಿಯ ಪರೀಕ್ಷೆ: ಮೇಜಿನ ಮೇಲೆ ಯಂತ್ರ ಮಲಗಿಸಿ ಕೈಯಲ್ಲಿ ನಾಣ್ಯ ಹಿಡಿದು ಆಡಿಸುವುದು. ಮಣ್ಣಿಲ್ಲ, ಉಪ್ಪಿಲ್ಲ, ಅಲೆಯಿಲ್ಲ.

ಗಾಳಿಯಲ್ಲಿ ಗೆದ್ದು ನೆಲದಲ್ಲಿ ಸೋಲುವುದು ಈ ಯಂತ್ರದ ಹುಟ್ಟುಗುಣ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿದ್ದಾಗ, ದೇಹದೊಳಗಿನ ಗುಂಡು ಹುಡುಕಲು ಬಂದವನು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್. ಅವನ ಯಂತ್ರ ಪ್ರಯೋಗಗಳಲ್ಲಿ ಕೆಲಸ ಮಾಡಿತ್ತು. ಅಧ್ಯಕ್ಷರ ಹಾಸಿಗೆಯ ಬಳಿ ಮಾತ್ರ ಗೊಂದಲದ ಸದ್ದು. ಹಾಸಿಗೆಯ ಕೆಳಗೆ ಉಕ್ಕಿನ ತಂತಿಗಳಿದ್ದವು ಎಂದು ಅವನಿಗೆ ಆಮೇಲೆ ತಿಳಿಯಿತು. ಜೊತೆಗೆ, ಗುಂಡು ಬಲಗಡೆಯೇ ಇದೆ ಎಂದು ನಂಬಿದ್ದ ವೈದ್ಯ ಬಲಗಡೆ ಮಾತ್ರ ಹುಡುಕಲು ಬಿಟ್ಟ. ಗುಂಡು ಎಡಗಡೆ ಇತ್ತು. ಬೆಲ್ ಪ್ರಾಮಾಣಿಕ, ಸೋತೆ ಎಂದು ಒಪ್ಪಿಕೊಂಡ. ನಮ್ಮ ವಿಡಿಯೋ ಶೂರರು ಹಾಸಿಗೆಯನ್ನೇ ಚೌಕಟ್ಟಿನಿಂದ ಹೊರಗಿಡುತ್ತಾರೆ.

ಇದೆಲ್ಲ ನೋಡುವಾಗ ನನಗೆ ನೆನಪಾಗುವುದು ನಮ್ಮ ಊರುಗಳ ಅಂಜನ ಹಾಕುವವರು. ಅಂಗೈಗೋ ವೀಳ್ಯದೆಲೆಗೋ ಕಪ್ಪು ಹಚ್ಚಿ, ನಿಧಿ ಎಲ್ಲಿದೆ ಎಂದು ನೋಡಿ ಹೇಳುವವರು. ಅಗೆದು ಸಿಗದಿದ್ದರೆ ಅಂಜನ ಸುಳ್ಳಲ್ಲ. ನಿಧಿ ಜರುಗಿತು, ಇಲ್ಲವೇ ಇನ್ನೂ ಆಳಕ್ಕೆ ಇಳಿಯಿತು. ಈ ನಂಬಿಕೆ ಬರೀ ಕತೆಯಲ್ಲ. 2019ರ ಜುಲೈಯಲ್ಲಿ ಆನೆಗೊಂದಿ ಬಳಿಯ ನವಬೃಂದಾವನದಲ್ಲಿ ವ್ಯಾಸರಾಯರ ಬೃಂದಾವನವನ್ನು ನಿಧಿಯಾಸೆಗೆ ಒಡೆದುಹಾಕಿದ್ದು ನಮಗೆಲ್ಲ ನೆನಪಿದೆ. ಬೋರ್ನ್‌ಮತ್‌ನ ಮುಗ್ಧ ಹವ್ಯಾಸಿಯನ್ನು ಆ ಕಳ್ಳರ ಸಾಲಿಗೆ ಸೇರಿಸುವಷ್ಟು ಸಿಟ್ಟು ನನಗೆ ಬಂದಿಲ್ಲ. ನಾನು ಹೇಳುವುದು ವಾಕ್ಯದ ಬಗ್ಗೆ. "ಸಿಗಲಿಲ್ಲವೇ? ಸೆಟ್ಟಿಂಗ್ ಸರಿ ಮಾಡಿಲ್ಲ. ಮುಂದಿನ ಅಪ್‌ಡೇಟ್ ಬರಲಿ." ಸೋಲನ್ನು ಎಂದೂ ಒಪ್ಪಿಕೊಳ್ಳದ ಈ ವಾಕ್ಯ ಅಂಜನದವನದೇ, ವ್ಯಾಕರಣವೂ ಬದಲಾಗಿಲ್ಲ.

ಇಷ್ಟು ಓದಿ ಖುಷಿಪಡುತ್ತಿರುವ ಒಂದು ಗುಂಪಿದೆ ಎಂದು ನನಗೆ ಗೊತ್ತು. "ನಾವು ಆವತ್ತೇ ಹೇಳಿದ್ವಿ, ಹಳೆಯದೇ ಸಾಕು, ಎಲ್ಲ ಬೊಗಳೆ" ಎನ್ನುವವರು. ದಯವಿಟ್ಟು ನನ್ನ ಪಕ್ಕ ಬಂದು ಕೂರಬೇಡಿ. 2017ರ ಸೆಪ್ಟೆಂಬರಿನಲ್ಲಿ ಮೈನ್‌ಲ್ಯಾಬ್ ತನ್ನ ಈಕ್ವಿನಾಕ್ಸ್ ಯಂತ್ರವನ್ನು ಘೋಷಿಸಿದಾಗ, ಒಂದೇ ಆವರ್ತನದ ಯಂತ್ರಗಳ ಕಾಲ ಇದರಿಂದ ಮುಗಿಯಿತು ಎಂಬ ಧಾಟಿಯಲ್ಲಿ ಪ್ರಚಾರ ಮಾಡಿತ್ತು. ಯಂತ್ರ ಜನರ ಕೈಗೆ ಬಂದದ್ದು 2018ರಲ್ಲಿ. ನಡುವಿನ ತಿಂಗಳುಗಳಲ್ಲಿ ಅರ್ಧ ಜನ ಅದನ್ನು ಪೂಜಿಸಿದರು, ಇನ್ನರ್ಧ ಜನ ಗೇಲಿ ಮಾಡಿದರು. ಮುಟ್ಟಿ ನೋಡಿದವರು ಎರಡೂ ಕಡೆ ಇರಲಿಲ್ಲ. ಬಂದ ಮೇಲೆ ನೋಡಿದರೆ ಯಂತ್ರ ಒಳ್ಳೆಯದೇ ಆಗಿತ್ತು. ಆದರೆ ಅದರ ದೊಡ್ಡ ಗುಣ ಆಳವಲ್ಲ. ಅದೇ ಸಂಸ್ಥೆಯ ಸಿಟಿಎಕ್ಸ್ 3030 ಎಂಬ ಯಂತ್ರಕ್ಕೆ ಆಗ ಸುಮಾರು 2,500 ಡಾಲರ್, ತೂಕ ಎರಡು ಕಿಲೋ ದಾಟುತ್ತಿತ್ತು. ಈಕ್ವಿನಾಕ್ಸ್ 800ಕ್ಕೆ ಸುಮಾರು 900 ಡಾಲರ್, ತೂಕ ಒಂದೂಕಾಲು ಕಿಲೋಗಿಂತ ಸ್ವಲ್ಪ ಹೆಚ್ಚು, ನೀರೊಳಗೂ ಮೂರು ಮೀಟರ್ ಹಿಡಿಯಬಹುದು. ಮೂರು ಗಂಟೆ ಒಂದೇ ಕೈಯಲ್ಲಿ ಬೀಸಿದವನಿಗೆ ಗೊತ್ತು ಒಂದು ಕಿಲೋ ಕಡಿಮೆಯಾಗುವುದೆಂದರೆ ಏನೆಂದು. ಭುಜ ನೋಯದಿದ್ದರೆ ಅವನು ಇನ್ನೊಂದು ಗಂಟೆ ನಡೆಯುತ್ತಾನೆ, ಆ ಗಂಟೆಯಲ್ಲಿ ಉಂಗುರ ಸಿಗುತ್ತದೆ. ಅದನ್ನು ಯಾರೂ ಹಾಡಿ ಹೊಗಳಲಿಲ್ಲ. ಗೇಲಿ ಮಾಡಿದವರಿಗೂ ಅದು ಕಾಣಲಿಲ್ಲ, ಯಾಕೆಂದರೆ ಅವರೂ ಆಳದ ಬಗ್ಗೆಯೇ ಜಗಳವಾಡುತ್ತಿದ್ದರು. ಆಮೇಲೆ 2021ರಲ್ಲಿ ಎಕ್ಸ್‌ಪಿ ಸಂಸ್ಥೆಯ ಡಿಯೂಸ್ 2, 2022ರಲ್ಲಿ ನೊಕ್ಟಾದ ಲೆಜೆಂಡ್, ಅದೇ ವರ್ಷ ಮೈನ್‌ಲ್ಯಾಬಿನ ಮ್ಯಾಂಟಿಕೋರ್. ಪ್ರತಿ ಸಲವೂ ಅದೇ ಪೂಜೆ, ಅದೇ ಗೇಲಿ.

ಅನುಮಾನ ಎನ್ನುವುದು ಒಂದು ಕೆಲಸ, ಮುಖಭಾವವಲ್ಲ. ಆ ಕೆಲಸವನ್ನು ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹವ್ಯಾಸದ ಹೊರಗೆ ಒಂದು ಭೀಕರ ಉದಾಹರಣೆಯಿದೆ. ಎಡಿಇ 651 ಎಂಬ ಬಾಂಬು ಪತ್ತೆ ಯಂತ್ರವನ್ನು ಜೇಮ್ಸ್ ಮೆಕಾರ್ಮಿಕ್ ಎಂಬ ಬ್ರಿಟಿಷ್ ವ್ಯಾಪಾರಿ ಇರಾಕಿಗೆ ಸಾವಿರಾರು ಡಾಲರಿಗೊಂದರಂತೆ ಮಾರಿದ. ಒಂದು ಹಿಡಿಕೆ, ಅದಕ್ಕೊಂದು ಅತ್ತಿತ್ತ ತಿರುಗುವ ಆಂಟೆನಾ; ಒಳಗೆ ಕೆಲಸ ಮಾಡುವಂಥದ್ದು ಏನೂ ಇಲ್ಲ. ಅದರ ಮೂಲ ಗಾಲ್ಫ್ ಚೆಂಡು ಹುಡುಕುವುದಕ್ಕೆಂದು ಸುಮಾರು ಇಪ್ಪತ್ತು ಡಾಲರಿಗೆ ಮಾರುತ್ತಿದ್ದ ಆಟಿಕೆ. ಬಾಗ್ದಾದಿನ ತಪಾಸಣಾ ಠಾಣೆಗಳಲ್ಲಿ ಸೈನಿಕರು ಆ ಕೋಲು ಹಿಡಿದು ನಿಂತರು, ಬಾಂಬು ತುಂಬಿದ ಗಾಡಿಗಳು ದಾಟಿಹೋದವು. 2013ರಲ್ಲಿ ಅವನಿಗೆ ಹತ್ತು ವರ್ಷ ಶಿಕ್ಷೆಯಾಯಿತು. ಇದೇ ಜಾತಿಯ ಜಿಟಿ 200 ಎಂಬುದನ್ನು ಥಾಯ್ಲೆಂಡ್ ಕೊಂಡಿತ್ತು. 2010ರಲ್ಲಿ ಅಲ್ಲಿನ ಸರ್ಕಾರ ಕೊನೆಗೂ ಒಂದು ಸರಳ ಪರೀಕ್ಷೆ ಮಾಡಿಸಿತು: ಸ್ಫೋಟಕ ಯಾವ ಪೆಟ್ಟಿಗೆಯಲ್ಲಿದೆ ಎಂದು ಯಂತ್ರ ಹಿಡಿದವನಿಗೆ ತಿಳಿಸದೆ ಹುಡುಕಿಸಿತು. 20 ಸಲದಲ್ಲಿ 4 ಸಲ ಸರಿಯಾಯಿತು. ಕಣ್ಣು ಮುಚ್ಚಿ ಬೆರಳಿಟ್ಟರೂ ಅಷ್ಟು ಬರುತ್ತಿತ್ತು.

ತೀರದ ಯಂತ್ರಗಳು ಆ ಕೋಲುಗಳಂಥ ಮೋಸವಲ್ಲ, ಅವುಗಳೊಳಗೆ ನಿಜವಾದ ವಿಜ್ಞಾನವಿದೆ. ಅದಕ್ಕೇ ಅವು ಪರೀಕ್ಷೆಗೆ ಹೆದರಬೇಕಿಲ್ಲ. ಐದು ಗ್ರಾಂನ ಉಂಗುರಗಳು, ಹಗುರ ಸರಗಳು, ಡಬ್ಬಿಯ ಕಿವಿಗಳು, ಮೊಳೆಗಳು; ಇವನ್ನು ಅಳತೆ ಮಾಡಿದ ಆಳಗಳಲ್ಲಿ, ಉಪ್ಪು ಮರಳಿನಲ್ಲಿ, ಒಬ್ಬ ಹೂಳಲಿ. ಕೆಲವು ಗುಂಡಿಗಳನ್ನು ಖಾಲಿ ಬಿಡಲಿ. ಎಲ್ಲಿ ಏನಿದೆ ಎಂದು ಗೊತ್ತಿಲ್ಲದ ಇನ್ನೊಬ್ಬ ಹಳೆಯ ಯಂತ್ರದಲ್ಲೊಮ್ಮೆ ಹೊಸ ಯಂತ್ರದಲ್ಲೊಮ್ಮೆ ನಡೆಯಲಿ. ಕೂಗಿದ್ದು, ಕೂಗದ್ದು, ಸುಳ್ಳು ಕೂಗಿದ್ದು ಎಲ್ಲವನ್ನೂ ಮೂರನೆಯವನು ಬರೆದುಕೊಳ್ಳಲಿ. ಒಂದು ಭಾನುವಾರದ ಕೆಲಸ. ಹೊಸ ಯಂತ್ರಕ್ಕೆ ಸಾವಿರ ಪೌಂಡು ಎಣಿಸಲು ತಯಾರಿರುವ ಮೂವರು ಗೆಳೆಯರಿಗೆ ಒಂದು ಭಾನುವಾರ ದುಬಾರಿಯೇ? ಭಾವನಿಗೆ ಇದನ್ನು ಹೇಳಿದೆ. "ಅದೆಲ್ಲ ಕಂಪೆನಿಯವರು ಮಾಡಿರ್ತಾರೆ ಮಾರಾಯ" ಎಂದರು. ಮಾಡಿದ್ದರೆ ಫಲಿತಾಂಶ ಎಲ್ಲಿದೆ ಭಾವ? ಪೆಟ್ಟಿಗೆಯ ಮೇಲೆ ಹುಲಿ ಸಿಂಹಗಳ ಹೆಸರಿಡುವ ಬದಲು ಆ ಪಟ್ಟಿಯನ್ನೇ ಯಾಕೆ ಅಚ್ಚು ಹಾಕುವುದಿಲ್ಲ?

ನನ್ನ ನಿಜವಾದ ಬೇಸರ ಮಾತ್ರ ದುಡ್ಡಿನದಲ್ಲ, ಮರಳಿನದು. ಬೋರ್ನ್‌ಮತ್‌ನ ತೀರ ನಿಂತ ನೆಲವಲ್ಲ. ಅಲೆ ಮರಳನ್ನು ಪಕ್ಕಕ್ಕೆ ಒಯ್ಯದಿರಲಿ ಎಂದು ಕಡಲಿಗೆ ಅಡ್ಡಲಾಗಿ ಸಾಲು ಸಾಲು ಗೋಡೆಗಳನ್ನು ಕಟ್ಟಿದ್ದಾರೆ. ಆದರೂ ಮರಳು ಹೋಗುತ್ತದೆ. ಹೋದದ್ದಕ್ಕೆ ಬದಲಾಗಿ 1970ರ ದಶಕದಿಂದ ಆಗಾಗ ಸಮುದ್ರದ ತಳದಿಂದ ಹೊಸ ಮರಳು ತಂದು ಸುರಿಯುತ್ತಾರೆ. ಹಾಗೆ ಸುರಿದಾಗ, ಎಂದೋ ಯಾರದೋ ಬೆರಳಿನಿಂದ ಜಾರಿದ ಉಂಗುರ ಯಾವ ಯಂತ್ರಕ್ಕೂ ಎಟುಕದಷ್ಟು ಕೆಳಗೆ ಹೋಗುತ್ತದೆ. ಚಳಿಗಾಲದ ಒಂದು ಬಿರುಗಾಳಿ ಬಂದಾಗ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಒಂದೇ ರಾತ್ರಿಯಲ್ಲಿ ಕಡಲು ಅಡಿಗಟ್ಟಲೆ ಮರಳನ್ನು ಕೆರೆದುಕೊಂಡು ಹೋಗುತ್ತದೆ, ಕೆಳಗಿನ ಗಟ್ಟಿ ಪದರ, ಕಲ್ಲುಹರಳು ಕಾಣಿಸುತ್ತದೆ, ಭಾರದ ವಸ್ತುಗಳು ಆ ಪದರದ ಮೇಲೆ ಕೂತಿರುತ್ತವೆ. ಎಂಜಿನಿಯರು ಮೂರು ಬೆರಳಿಗಾಗಿ ಹೋರಾಡಿದ್ದನ್ನು ಗಾಳಿ ಬಿಟ್ಟಿಯಾಗಿ ಮೊಣಕಾಲೆತ್ತರ ಕೊಟ್ಟುಹೋಗುತ್ತದೆ. ಎರಡು ಮೂರು ಉಬ್ಬರ ಕಳೆದರೆ ಮರಳು ಮತ್ತೆ ತುಂಬಲು ಶುರು. ಆ ಕಿಟಕಿ ತೆರೆದಿರುವುದು ಅಷ್ಟೇ ಹೊತ್ತು. ಇದನ್ನು ನನಗೆ ಹೇಳಿಕೊಟ್ಟವರು ಭಾವನೇ. ಯಾವ ಗೋಡೆಯ ಯಾವ ಬದಿಯಲ್ಲಿ ಗುಂಡಿ ಬೀಳುತ್ತದೆ, ಯಾವ ಗಾಳಿಗೆ ಮರಳು ಕೂಡುತ್ತದೆ, ಯಾವ ಗಾಳಿಗೆ ಕಳೆಯುತ್ತದೆ, ಬೇಸಿಗೆಯಲ್ಲಿ ಜನ ಟವೆಲು ಹಾಸುವ ಸಾಲು ಎಲ್ಲಿ, ತಣ್ಣೀರಿಗೆ ಬೆರಳು ಸೊರಗಿ ಉಂಗುರ ಜಾರುವುದು ಎಷ್ಟು ಆಳದ ನೀರಿನಲ್ಲಿ. ಹತ್ತು ವರ್ಷ ನಡೆದು ಗಳಿಸಿದ ಈ ಓದು ಯಾವ ಪೆಟ್ಟಿಗೆಯಲ್ಲೂ ಬರುವುದಿಲ್ಲ. ಅವರ ಬಾಯಲ್ಲಿ ಈಗ ಅದು ಕೇಳುವುದೂ ಇಲ್ಲ. ಕೇಳುವುದು ಕಿಲೋಹರ್ಟ್ಸ್ ಲೆಕ್ಕ ಮಾತ್ರ.

ಹಳೆಯ ಯಂತ್ರ ಏನು ಮಾಡಬಲ್ಲದು ಎಂಬುದಕ್ಕೆ ಅಲ್ಲಿನವರಿಗೇ ಗೊತ್ತಿರುವ ಸಾಕ್ಷಿಯಿದೆ. 2009ರ ಜುಲೈಯಲ್ಲಿ ಸ್ಟಾಫರ್ಡ್‌ಶೈರಿನ ಒಂದು ಹೊಲದಲ್ಲಿ ಟೆರ್ರಿ ಹರ್ಬರ್ಟ್‌ಗೆ ಸಿಕ್ಕಿದ ಆಂಗ್ಲೋ-ಸ್ಯಾಕ್ಸನ್ ನಿಧಿಯಲ್ಲಿ ಸುಮಾರು ನಾಲ್ಕು ಕಿಲೋ ಚಿನ್ನವಿತ್ತು. ಅದಕ್ಕೆ ಕಟ್ಟಿದ ಬೆಲೆ 32 ಲಕ್ಷ ಪೌಂಡಿಗೂ ಮೇಲೆ. ಅವರ ಕೈಯಲ್ಲಿದ್ದ ಯಂತ್ರಕ್ಕೆ ಆಗ 14 ವರ್ಷ ವಯಸ್ಸು. ಅದೃಷ್ಟ ಎನ್ನುತ್ತೀರಿ. ಹೌದು, ಅದೃಷ್ಟ. ಆದರೆ ಅದೃಷ್ಟವೂ ಹೊಲಕ್ಕೆ ಹೋದವನಿಗೆ ಮಾತ್ರ.

ನಾಲ್ಕು ವರ್ಷದ ಹಿಂದೆ ಅದೇ ತೀರದಲ್ಲಿ ವಯಸ್ಸಾದ ಹೆಂಗಸೊಬ್ಬರು ಗಂಡನ ಉಂಗುರ ಕಳೆದುಕೊಂಡಿದ್ದರು. ಗಂಡ ತೀರಿಕೊಂಡ ಮೇಲೆ ತಮ್ಮ ಬೆರಳಿಗೆ ಹಾಕಿಕೊಂಡಿದ್ದ, ಸಡಿಲವಾದ ಉಂಗುರ. ಭಾವ ಅವರನ್ನು ಕೂತಿದ್ದ ಜಾಗದಲ್ಲೇ ಮತ್ತೆ ಕೂರಿಸಿ, ಯಾವ ಕೈಯಿಂದ ಟವೆಲು ಕೊಡವಿದಿರಿ ಎಂದು ಕೇಳಿ, ಅಲ್ಲಿಂದ ಗೆರೆ ಎಳೆದುಕೊಂಡು ಮೂರು ಗಂಟೆ ಹುಡುಕಿದರು. ಹದಿನೇಳು ಡಬ್ಬಿ ಕಿವಿ, ಆಮೇಲೆ ಉಂಗುರ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ನಿಂತಿರುವ ಯಂತ್ರವೇ ಅದು. ಆ ಹೆಂಗಸು ಈಗಲೂ ಪ್ರತಿ ಕ್ರಿಸ್‌ಮಸ್ಸಿಗೆ ಅವರಿಗೆ ಕಾರ್ಡು ಕಳಿಸುತ್ತಾರೆ.

ಜನವರಿಯಲ್ಲಿ ದೊಡ್ಡ ಗಾಳಿ ಬಂತು. ತೀರದ ಪಟ ನೋಡಿದೆ. ಗೋಡೆಯ ಕಂಬಗಳ ಬುಡ, ಪಾಚಿ ಹಿಡಿದ ಭಾಗ, ಎಲ್ಲ ಬಯಲಾಗಿತ್ತು. ಕೂಡಲೇ ಭಾವನಿಗೆ ಮೆಸೇಜ್ ಮಾಡಿದೆ: ಮರಳು ಇಳಿದಿದೆ, ಹೊರಡಿ. ರಾತ್ರಿ ಉತ್ತರ ಬಂತು. "ಹೌದು ಮಾರಾಯ, ಚಾರ್ಜಿಗೆ ಹಾಕಿದ್ದೆ. ಆದ್ರೆ ಇವತ್ತು ಎಂಟು ಗಂಟೆಗೆ ಹೊಸ ವಿಡಿಯೋ ಬಿಡ್ತಾರಂತೆ. ನೋಡಿ ಆಮೇಲೆ ಹೋಗುವ ಅಂತ."